ಯಾವ ಬೀದಿಗೆ ಈ ಮಾಲೆ

ಒದ್ದೆ ಬಾಳೆನಾರಿನ ವಾಸನೆ ಬಂದರೆ ನನಗೆ ಅಕ್ಕನ ಬೆರಳುಗಳು ಕಾಣುತ್ತವೆ. ಮೊನ್ನೆ ಅವಳ ಪಟಕ್ಕೆ ಮಾಲೆ ತರಲು ಕೋಯಂಬೇಡಿನ ಹೂವಿನ ಮಾರ್ಕೆಟ್ಟಿಗೆ ಹೋಗಿದ್ದೆ. ಬಕೆಟ್ಟಿನಲ್ಲಿ ನೆನೆಹಾಕಿದ ನಾರಿನ ವಾಸನೆ ಮೂಗಿಗೆ ಬಡಿದು, ನಿಂತಲ್ಲೇ ನಿಂತುಬಿಟ್ಟೆ...

ಚಾಮರಾಜನಗರದ ಕಡೆಯಿಂದ ಈ ತಮಿಳು ಪಟ್ಟಣಕ್ಕೆ ಕೂಲಿಗೆ ಬಂದವರು ನಾವು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅಕ್ಕ ಶಾಲೆಯ ಮುಖವನ್ನೇ ನೋಡಿದವಳಲ್ಲ. ಇಬ್ಬರೂ ಒಂದೇ ಹೂವಿನ ಅಂಗಡಿಗೆ ಸೇರಿದೆವು. ಅವಳು ಹಿಂದುಗಡೆ ಕೂತು ಮಾಲೆ ಕಟ್ಟುತ್ತಿದ್ದಳು, ನಾನು ಲಾರಿಗೆ ಹೇರುತ್ತಿದ್ದೆ. ಬಸ್ಸಿನ ಬೋರ್ಡು ನೋಡಿ ನೋಡಿ ತಮಿಳು ಓದಲು ಕಲಿತಿದ್ದೆನಾದ್ದರಿಂದ, ಮಾಲೆಗೆ ಸಿಕ್ಕಿಸಿದ ವಿಳಾಸದ ಚೀಟಿ ಓದುವ ಮೂರ್ನಾಲ್ಕು ಹುಡುಗರಲ್ಲಿ ನಾನೂ ಒಬ್ಬನಾದೆ.

ಮದುವೆಯ ಮಾಲೆ ಕಟ್ಟುವಾಗ ಹೆಂಗಸರು ಹಾಡುತ್ತಿದ್ದರು. ಸಾವಿನ ಮಾಲೆಗೆ ಕೈ ಹಾಕಿದರೆ ಮಾತ್ರ ಯಾರೂ ಬಾಯಿ ಬಿಡುವಂತಿರಲಿಲ್ಲ. ಅದು ಆ ಅಂಗಡಿಯ ಕಟ್ಟುಪಾಡು. ಉತ್ತರದ ಬೆಟ್ಟಗಳಲ್ಲಿ ಯುದ್ಧ ನಡೆದ ಆ ಬೇಸಿಗೆಯಲ್ಲಿ, ಸತ್ತ ಸಿಪಾಯಿಗಳಿಗೆಂದು ದೊಡ್ಡ ದೊಡ್ಡ ಮಾಲೆ ಬೇಕಾದವು. ಮೊದಲನೆಯದು ಮುಗಿದಾಗ ಅಕ್ಕ ಕೇಳಿದಳು.

"ಚೀಟಿ ಓದ್ಲಾ, ಯಾವ ಬೀದಿಗೆ?"

ಕಲ್ಲುಕ್ವಾರಿ ಪಕ್ಕದ ಗುಡಿಸಲಿಗೆ. ಮುಂದಿನದು ಮೀನುಗಾರರ ಕೇರಿಗೆ. ಅದರ ಮುಂದಿನದು ಇಟ್ಟಿಗೆಗೂಡಿನವರ ಸಾಲುಮನೆಗೆ.

"ಮಾಳಿಗೆ ಮನೆಯೋರ್ದು ಒಂದೂ ಇಲ್ವಾ?"

"ಅವರ ಮಕ್ಳು ಕಾಲೇಜಲ್ಲವ್ರೆ ಕಣಕ್ಕ," ಎಂದು ನಕ್ಕೆ. ಅವಳು ನಗಲಿಲ್ಲ. ನಾಲ್ಕನೆಯ ಮಾಲೆಗೆ ನಾರು ಎಳೆದುಕೊಂಡು, ಕಟ್ಟುಪಾಡು ಮುರಿದು ಹಾಡತೊಡಗಿದಳು.

*ಮಾಲೆಯ ಕಟ್ಟೀನಿ, ಯಾವ ಬೀದಿಗೆ ಕಳಿಸಲಿ?*
*ಮಾಳಿಗೆ ಬೀದೀಲಿ ಕೇಳೋರು ಯಾರಿಲ್ಲ,*
*ಗುಡಿಸಲ ಬಾಗಿಲಲಿ ಮಾಲೆಯೇ ತೂರೋದಿಲ್ಲ...*

ವಾರದೊಳಗೆ ಅದನ್ನು ತಮಿಳಿಗೂ ತಿರುಗಿಸಿದಳು. ಹೆಂಗಸರೆಲ್ಲ ದನಿಗೂಡಿಸಿದರು. ನಾನು ನೀರಿನ ಡಬ್ಬ ಬೋರಲು ಹಾಕಿ ತಾಳ ಹಾಕುತ್ತಿದ್ದೆ.

ಆ ತಿಂಗಳೇ ಮಾರ್ಕೆಟ್ಟಿನ ವರ್ತಕರು ಸಿಪಾಯಿಗಳ ಹೆಸರಿನಲ್ಲಿ ಒಂದು ಸಭೆ ಇಟ್ಟುಕೊಂಡರು. ಅಕ್ಕನ ಕಂಠ ಚೆಂದವೆಂದು ನಮ್ಮ ಅಂಗಡಿಯ ಧಣಿ, ಮೊದಲಾಳಿಯೇ, ಅವಳನ್ನು ಹಾಡಲು ಕರೆದರು. ಏನು ಹಾಡುತ್ತಾಳೆಂದು ಕೇಳಲಿಲ್ಲ. ಮೆಟ್ಟಿಲು ಹತ್ತುವಾಗ ಅಕ್ಕ ನನ್ನ ತೋಳು ಹಿಡಿದಳು. "ಡಬ್ಬ ನಿಲ್ಲಿಸ್ಬೇಡ ಕಣ್ಲಾ. ತಾಳ ನಿಂತ್ರೆ ನಂಗೆ ಪದ ಮರ್ತೋಯ್ತದೆ."

ಮೊದಲಾಳಿ ಮೈಕಿನಲ್ಲಿ, ಮನೆಗೊಬ್ಬ ಮಗನನ್ನು ಗಡಿಗೆ ಕಳಿಸಬೇಕು ಎಂದರು. ಕಾಲೇಜು ಓದುತ್ತಿದ್ದ ಅವರ ಮಗ ಮುಂದಿನ ಸಾಲಿನಲ್ಲಿ ಕೂತಿದ್ದ. ಆಮೇಲೆ ಅಕ್ಕ ಹಾಡಿದಳು. ಹಾಡಿನ ಎರಡನೇ ಸಾಲಿಗೆ ಮೊದಲಾಳಿಯ ಮುಖ ಕಪ್ಪಿಟ್ಟಿತು, ಅವರು ನನ್ನ ಕಡೆ ತಿರುಗಿದರು. ನಾನು ಡಬ್ಬ ಎತ್ತಿಕೊಂಡು ವೇದಿಕೆಯಿಂದ ಇಳಿದುಬಿಟ್ಟೆ.

ಅಕ್ಕ ಒಮ್ಮೆ ನನ್ನತ್ತ ನೋಡಿದಳು. ತೊಡೆಯ ಮೇಲೆ ತಾನೇ ತಾಳ ಹಾಕಿಕೊಂಡು ಕೊನೆಯವರೆಗೂ ಹಾಡಿದಳು. ಒಂದು ಪದವೂ ಮರೆಯಲಿಲ್ಲ. ಅಷ್ಟು ಜನರ ಮುಂದೆ ಹಾಗೆ ನೆಟ್ಟಗೆ ನಿಂತ ಇನ್ನೊಬ್ಬರನ್ನು ನಾನು ಈವರೆಗೆ ಕಂಡಿಲ್ಲ.

ಮಾರನೆಯ ದಿನ ಮೊದಲಾಳಿ ಕೇಳಿದ್ದು ಒಂದೇ ಮಾತು. "ಇವಳಿಗೆ ಓದೋಕೆ ಬರಲ್ಲ. ಚೀಟಿ ಓದಿ ಹೇಳಿದ್ದು ಯಾರು?"

"ನಂಗೊತ್ತಿಲ್ಲ ಮೊದಲಾಳಿ," ಎಂದೆ. ಅಕ್ಕ ಪಕ್ಕದಲ್ಲೇ ಇದ್ದಳು. "ದಾರೀಲಿ ಹೋಗೋರ್ನ ಕೇಳ್ದೆ," ಎಂದು ಹೇಳಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಟುಹೋದಳು. ಅವಳ ಕೆಲಸ ಹೋಯಿತು, ನನ್ನದು ಉಳಿಯಿತು... ಸಂಜೆ ಮನೆಗೆ ಹೋದಾಗ ಏನೆಲ್ಲ ಅನ್ನುತ್ತಾಳೋ ಎಂದು ಹೆದರಿದ್ದೆ. "ಡಬ್ಬ ತಂದ್ಯಾ? ನಾಳೆ ನೀರಿನ ಲಾರಿ ಬತ್ತದೆ," ಎಂದಳು, ಅಷ್ಟೇ.

ಅವಳು ಪುರಸವಾಕದ ಒಂದು ಗುಡಿಯ ಮುಂದೆ ಕೂತು ಹೂ ಮಾರಿ ಬದುಕಿದಳು. ಹಾಡು ಮಾತ್ರ ಅವಳನ್ನೂ ದಾಟಿ ಹೋಯಿತು. ಕೆಲವು ವರ್ಷಗಳ ಮೇಲೆ, ಎಲ್ಲೋ ದೂರದ ದೇಶದಲ್ಲಿ ಯುದ್ಧ ಬೇಡವೆಂದು ಇಲ್ಲೇ ನಮ್ಮ ಪಟ್ಟಣದ ಪ್ಯಾರೀಸ್ ಕಾರ್ನರ್ ಚೌಕದಲ್ಲಿ ಕಾಲೇಜು ಹುಡುಗಿಯರು ಅದನ್ನೇ ಹಾಡುತ್ತಿದ್ದರು. ಎದೆಯುಬ್ಬಿ ಬಂತು. ಆದರೂ, ಇದು ನಮ್ಮಕ್ಕನದು ಎನ್ನಲು ಬಾಯಿ ಬರಲಿಲ್ಲ.

ಮೊನ್ನೆ ಮಾಲೆ ಕಟ್ಟುತ್ತಿದ್ದ ಮುದುಕಿ ತಲೆಯೆತ್ತದೆ, "ಯಾವ ಬೀದಿಗಪ್ಪಾ?" ಎಂದು ತಮಿಳಿನಲ್ಲಿ ಕೇಳಿದಳು. ನನಗೆ ತಿಳಿಯದೆಯೇ ಹಾಡಿನ ಮೊದಲ ಸಾಲು ಗುನುಗಿದೆ, ಬೆರಳುಗಳು ಹಲಗೆಯ ಮೇಲೆ ತಾಳ ಹಾಕಿದವು. ಅವಳ ಕೈ ನಿಂತಿತು.

"ಆ ಹಾಡಾ? ನಮಗೂ ಬರ್ತದಲ್ಲ. ಯಾರು ಕಟ್ಟಿದ್ದೋ ಏನೋ."

"ನಮ್ಮಕ್ಕ," ಎಂದೆ. "ಚೀಟಿ ಓದಿ ಹೇಳಿದ್ದು ನಾನು."

ಇದನ್ನು ಕೇಳಿಸಿಕೊಳ್ಳಬೇಕಾದವಳು ಪಟದಲ್ಲಿದ್ದಳು. ಮುದುಕಿ ಹಾಡುತ್ತಲೇ ಉಳಿದರ್ಧ ಮಾಲೆ ಕಟ್ಟಿದಳು. ಮುಗಿಯುವ ತನಕ ನಾನು ತಾಳ ನಿಲ್ಲಿಸಲಿಲ್ಲ.