ಹಿಟ್ಟು ಮುನಿದ ಬನ್ನಣ್ಣ

ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ತಾಯಿ ಒಬ್ಬಳೇ. ಅವಳು ತೀರಿಕೊಂಡ ಮೇಲೆ ಹೆಂಡತಿಗೆ ಅವನು ‘ರೀ’ ಆದ, ಹೆಂಡತಿಯ ತಮ್ಮನಿಗೆ ‘ಭಾವ’ ಆದ, ಮಿಕ್ಕ ಬೀದಿಗೆಲ್ಲ ಬನ್ನಣ್ಣ ಆಗಿಯೇ ಉಳಿದ. ದುಂಡು ಮುಖ, ಎತ್ತರಕ್ಕಿಂತ ಅಗಲವೇ ಜಾಸ್ತಿ ಅನ್ನಿಸುವ ಮೈಕಟ್ಟು, ಹಣೆಯ ಮೇಲೆ ಸದಾ ಬೆವರಿನ ಮಿರುಗು. ಆಗತಾನೆ ಭಟ್ಟಿಯಿಂದ ಇಳಿಸಿದ ಹಾಗೆ ಕಾಣುತ್ತಿದ್ದ. ಹೆಸರಿನ ಬಗ್ಗೆ ಅವನಿಗೆ ಬೇಜಾರೇನೂ ಇರಲಿಲ್ಲ. “ಬ್ರೆಡ್ಡಣ್ಣ ಅನ್ನಲಿಲ್ವಲ್ಲ, ಅಷ್ಟು ಸಾಕು” ಅನ್ನುತ್ತಿದ್ದ.

ಮೀಸೆ ಮೂಡುವ ವಯಸ್ಸಿಗೆ ಅವನು ಒಂದು ದೊಡ್ಡ ಬೇಕರಿ ಸೇರಿದ್ದ. ಟ್ರೇ ತೊಳೆಯುವುದರಿಂದ ಶುರುಮಾಡಿ, ಹಿಟ್ಟು ಜರಡಿ ಹಿಡಿದು, ನಾದಿ, ಕೊನೆಗೆ ಭಟ್ಟಿಯ ಬಾಯಿಯ ಮುಂದೆ ನಿಲ್ಲುವಷ್ಟು ಮೇಲೇರಿದ. ಹಿಟ್ಟಿನ ಮುದ್ದೆಗೆ ಬೆರಳು ಒತ್ತಿ, ಅದು ಎಷ್ಟು ನಿಧಾನವಾಗಿ ಮೇಲೆದ್ದಿತು ಅನ್ನುವುದನ್ನು ನೋಡಿಯೇ ಇನ್ನೆಷ್ಟು ಹೊತ್ತು ಬಿಡಬೇಕು ಎಂದು ಹೇಳಿಬಿಡುತ್ತಿದ್ದ. ಅಲ್ಲಿಯ ಬ್ರೆಡ್ಡಿಗೆ ಹೆಸರು ಬಂದದ್ದು ಅವನ ಕೈಗುಣದಿಂದ ಎಂದು ಕೆಲಸದವರೆಲ್ಲ ಆಡಿಕೊಳ್ಳುತ್ತಿದ್ದರು. ಯಜಮಾನರೂ ಅವನನ್ನು ಚೆನ್ನಾಗಿಯೇ ನೋಡಿಕೊಂಡಿದ್ದರು. ಹಾಗೆ ನೋಡಿದರೆ ಅವನಿಗೆ ಅಲ್ಲಿ ಕೊರತೆಯೇ ಇರಲಿಲ್ಲ.

ಒಂದು ದಿನ ಯಜಮಾನರ ಜೊತೆ ಒಂದಿಷ್ಟು ಅತಿಥಿಗಳು ಬೇಕರಿ ನೋಡಲು ಬಂದರು. ಬಿಸಿ ಬ್ರೆಡ್ಡು ಮುರಿದು ಬಾಯಿಗೆ ಹಾಕಿಕೊಂಡವರೊಬ್ಬರು, “ಇದನ್ನ ಮಾಡೋರು ಯಾರು?” ಎಂದು ಕೇಳಿದರು. ಯಜಮಾನರು ಬನ್ನಣ್ಣನ ಹೆಗಲ ಮೇಲೆ ಕೈಯಿಟ್ಟು, “ಇವನೇ. ತಲೆ ನಂದು, ಕೈ ಇವನ್ದು” ಎಂದರು. ಎಲ್ಲರೂ ನಕ್ಕರು. ಬನ್ನಣ್ಣನೂ ನಕ್ಕ.

ಮನೆಗೆ ಬಂದವನು ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದ.

“ಯಾಕ್ರೀ, ಉಪ್ಪು ಜಾಸ್ತಿ ಆಯ್ತಾ?” ಎಂದಳು ಹೆಂಡತಿ.

“ನನಗೆ ತಲೆ ಇಲ್ವೇನೇ?”

“ಇದೆಯಲ್ಲ. ಆಗಾಗ ನೋವೂ ಬರುತ್ತೆ. ಯಾಕೆ?”

ಅವನು ನಗಲಿಲ್ಲ. ನಡೆದದ್ದನ್ನು ಹೇಳಿದ. ಅವಳಿಗೆ ಅದರಲ್ಲಿ ಅಂಥಾ ಅವಮಾನವೇನೂ ಕಾಣಿಸಲಿಲ್ಲ. “ಹೊಗಳಿದ್ದಾರೆ ಅಲ್ವಾ?” ಎಂದಳು. ಅವನು ಕೈ ತೊಳೆದು ಎದ್ದುಬಿಟ್ಟ. ಮುಂದಿನ ತಿಂಗಳಿನಿಂದ ಕೆಲಸಕ್ಕೆ ಬರುವುದಿಲ್ಲ ಎಂದು ಅದೇ ವಾರ ಯಜಮಾನರಿಗೆ ಹೇಳಿದ. ಅವರು ಬೈಯಲಿಲ್ಲ. “ಕಷ್ಟ ಕಣೋ, ಯೋಚನೆ ಮಾಡು” ಎಂದರು. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಬನ್ನಣ್ಣನಿಗೆ.

ನಾಲ್ಕು ಬೀದಿ ಆಚೆ, ಸೈಕಲ್ ರಿಪೇರಿಯವನು ಬಿಟ್ಟುಹೋಗಿದ್ದ ಮಳಿಗೆಯೊಂದು ಸಿಕ್ಕಿತು. ನೆಲಕ್ಕೆಲ್ಲ ಎಣ್ಣೆಯ ಜಿಡ್ಡು. ಗಂಡ, ಹೆಂಡತಿ, ಅವಳ ತಮ್ಮ ಮೂವರೂ ಮಂಡಿಯೂರಿ ಅದನ್ನು ಉಜ್ಜಿದರು. ಕಟ್ಟಿಸಿದ ಮೊದಲ ಭಟ್ಟಿ ಬಿರುಕು ಬಿಟ್ಟು ಮಳಿಗೆಯ ತುಂಬ ಹೊಗೆ ಕಾರಿತು. ಕೆಡವಿ ಮತ್ತೆ ಕಟ್ಟಿಸಿದ. ಹೊಸ ಭಟ್ಟಿಯ ಶಾಖ ಕೈಗೆ ಹತ್ತುವವರೆಗೆ ಬ್ರೆಡ್ಡುಗಳು ನಡುವೆ ಕುಸಿದು ಹಳೇ ದಿಂಬಿನ ಹಾಗೆ ಬಂದವು. ಅವನ್ನು ಮೂವರೇ ಕೂತು ತಿಂದರು. “ಭಾವ, ಇನ್ನು ಸ್ವಲ್ಪ ದಿನ ಹೀಗೇ ಆದ್ರೆ ನಾನೂ ಉಬ್ಬಿ ನಡುವೆ ಕುಸೀತೀನಿ” ಎಂದು ಭಾವಮೈದ ಗೋಗರೆದ.

ಬನ್ನಣ್ಣ ಯಾವುದಕ್ಕೂ ಜಗ್ಗಲಿಲ್ಲ. ಸುಸ್ತು ಅನ್ನುವ ಮಾತು ಅವನ ಬಾಯಲ್ಲಿ ಬರಲಿಲ್ಲ. ಹೋಟೆಲುಗಳ ಹಿಂಬಾಗಿಲಿಗೆ ಬ್ರೆಡ್ಡು ಹಿಡಿದು ಹೋದ. ಬೇಡ ಅಂದವರ ಬಾಗಿಲಿಗೇ ಮಾರನೇ ದಿನವೂ ಹೋದ. ನಾಚಿಕೆಯನ್ನೆಲ್ಲ ಎಲ್ಲೋ ಕಳಚಿಟ್ಟು ಬಂದವನ ಹಾಗೆ ನಡೆದುಕೊಂಡ. ವರ್ಷ ತಿರುಗುವಷ್ಟರಲ್ಲಿ ಮಳಿಗೆಯ ಮುಂದೆ ಬೆಳಿಗ್ಗೆ ಬೆಳಿಗ್ಗೆ ಜನ ನಿಲ್ಲತೊಡಗಿದರು. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಹೆಂಡತಿ ಯಾರ ಮನೆಯಲ್ಲಿ ಎಷ್ಟು ಮಕ್ಕಳು, ಯಾರಿಗೆ ಸಕ್ಕರೆ ಕಾಯಿಲೆ ಎಲ್ಲ ತಿಳಿದುಕೊಂಡು, ಕೇಳುವ ಮೊದಲೇ ಕಟ್ಟಿ ಕೊಡುತ್ತಿದ್ದಳು. ಹಳೇ ಯಜಮಾನರ ಮನೆಗೂ ತನ್ನ ಬ್ರೆಡ್ಡೇ ಹೋಗುತ್ತಿದೆಯೆಂದು ಯಾರೋ ಹೇಳಿದ್ದನ್ನು ಬನ್ನಣ್ಣ ನಂಬಿದ. ನಿಜವೋ ಸುಳ್ಳೋ, ಆ ಸುದ್ದಿ ಅವನಿಗೆ ಊಟಕ್ಕಿಂತ ಹೆಚ್ಚಿನ ಕಸುವು ಕೊಡುತ್ತಿತ್ತು.

ಸೀನು ಶುರುವಾದದ್ದು ಆ ಸುಖದ ದಿನಗಳಲ್ಲೇ. ಹಿಟ್ಟಿನ ಚೀಲ ಬಿಚ್ಚಿದ ಕೂಡಲೇ ಸಾಲು ಸಾಲು ಸೀನು. ಕಣ್ಣು ಕೆಂಪಾಗಿ ಉರಿಯುತ್ತಿತ್ತು. ನೆಗಡಿ ಎಂದುಕೊಂಡ. ಅಂಗಡಿಗೆ ರಜೆ ಹಾಕಿದ ದಿನ ನೆಗಡಿಯೂ ರಜೆ ಹಾಕುತ್ತಿತ್ತು. ಅದನ್ನು ಗಮನಿಸಿದವಳು ಹೆಂಡತಿ. “ಇದೇನೋ ಬೇರೆ ಥರ ಇದೆ, ತೋರಿಸಿಬಿಡ್ರೀ” ಎಂದರೆ, “ಕೆಲಸ ಕಂಡ್ರೆ ಸೀನು ಬರೋದು ನಿನ್ನ ತಮ್ಮನಿಗೆ, ನನಗಲ್ಲ” ಎಂದು ಹಾರಿಸಿಬಿಟ್ಟ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ನಾದಿದ. ಸ್ವಲ್ಪ ಕಾಲದಲ್ಲೇ ಎದೆಯೊಳಗಿಂದ ಸಿಳ್ಳೆ ಹೊಡೆದಂಥ ಸದ್ದು ಕೇಳತೊಡಗಿತು. ಟ್ರೇ ಎತ್ತಿದರೆ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಕೊನೆಗೆ ಯಾರಿಗೂ ಹೇಳದೆ ಒಬ್ಬನೇ ಡಾಕ್ಟರ ಹತ್ತಿರ ಹೋದ.

“ಹಿಟ್ಟಿನ ಧೂಳು ನಿಮಗೆ ಒಗ್ತಾ ಇಲ್ಲ” ಎಂದರು ಡಾಕ್ಟರು.

“ಅದ್ಹೇಗೆ ಡಾಕ್ಟ್ರೇ? ಇಷ್ಟು ವರ್ಷ ಅದರಲ್ಲೇ ಹೊರಳಾಡಿದೀನಿ.”

“ಅದಕ್ಕೇ. ಕೆಲವರ ಮೈ ಒಂದಿನ ಸಾಕು ಅಂದುಬಿಡುತ್ತೆ. ಈಗಲೇ ಬಿಟ್ರೆ ಬಹುಮಟ್ಟಿಗೆ ಸರಿಹೋಗಬಹುದು. ಮುಂದುವರಿಸಿದ್ರೆ ಕಷ್ಟ.”

“ಬ್ರೆಡ್ ತಿನ್ನಬಹುದಾ?”

“ಎಷ್ಟು ಬೇಕಾದ್ರೂ ತಿನ್ನಿ. ಮಾಡಬೇಡಿ.”

ಬೀದಿಗೆ ಬಂದ ಬನ್ನಣ್ಣ ಒಬ್ಬನೇ ನಕ್ಕ. ಉಸಿರು ಕಟ್ಟಿದಾಗ ಬಾಯಿಗೆ ಎಳೆದುಕೊಳ್ಳುವ ಔಷಧಿಯ ಪಂಪು ಕೊಂಡು ಜೇಬಿಗಿಟ್ಟುಕೊಂಡ. ಮನೆಯಲ್ಲಿ ಬಾಯಿಬಿಡಲಿಲ್ಲ. ಬಿರುಕು ಬಿಟ್ಟ ಭಟ್ಟಿಗೆ ಜಗ್ಗದವನು ಇದಕ್ಕೆ ಜಗ್ಗುತ್ತಾನೆಯೇ? ಹಲ್ಲು ಕಚ್ಚಿ ಹಿಡಿದರೆ ಇದೂ ದಾರಿಗೆ ಬರುತ್ತದೆ ಎಂದು ಅವನು ಮನಸಾರೆ ನಂಬಿದ್ದ. ಇಲ್ಲಿಯವರೆಗೆ ಎಲ್ಲವೂ ಹಾಗೆಯೇ ದಾರಿಗೆ ಬಂದಿತ್ತಲ್ಲ.

ಅದೇ ಹೊತ್ತಿಗೆ, ಸ್ವಂತ ಕಸುಬು ಶುರುಮಾಡುವವರಿಗೆ ಪಾಠ ಹೇಳುವ ತರಬೇತಿ ಕೇಂದ್ರದಿಂದ ಕರೆ ಬಂತು. ಗೆದ್ದವರೊಬ್ಬರ ಮಾತು ಕೇಳಿಸಬೇಕಂತೆ. ಹೆಂಡತಿ ಅಂಗಿಗೆ ಇಸ್ತ್ರಿ ಮಾಡಿಕೊಟ್ಟಳು. ಕೋಣೆಯಲ್ಲಿ ಮೂವತ್ತು ನಲವತ್ತು ಜನ. ಹೊಲಿಗೆಯವರು, ವೆಲ್ಡಿಂಗಿನವರು, ಕೆಲಸ ಕಳೆದುಕೊಂಡ ಗುಮಾಸ್ತರು. ಬೋರ್ಡಿನ ಮೇಲೆ ತರಬೇತಿಯ ಮೇಡಂ ದೊಡ್ಡ ಅಕ್ಷರದಲ್ಲಿ ‘ಉದ್ಯಮಿಗೆ ಬೇಕಾದ ಗುಣಗಳು’ ಎಂದು ಬರೆದು, ಕೆಳಗೆ ಧೈರ್ಯ, ಪಟ್ಟುಬಿಡದಿರುವುದು, ಜನರನ್ನು ಅರಿಯುವುದು ಎಂದೆಲ್ಲ ಸಾಲಾಗಿ ಬರೆದಿದ್ದರು.

“ಇದರಲ್ಲಿ ನಿಮ್ಮನ್ನ ಮುಂದೆ ತಳ್ಳಿದ್ದು ಯಾವುದು ಸರ್?” ಎಂದು ಅವರು ಕೇಳಿದರು.

ಸರ್ ಅನ್ನಿಸಿಕೊಂಡು ಅಭ್ಯಾಸವಿಲ್ಲದ ಬನ್ನಣ್ಣ ಬೋರ್ಡನ್ನು ಎರಡು ಸಲ ಓದಿದ. “ನಂದು ಇದರಲ್ಲಿ ಇಲ್ಲ ಮೇಡಂ. ನಂದು ಸಿಟ್ಟು” ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ಮೇಡಂ ಕೂಡ ನಕ್ಕು, ‘ಛಲ’ ಎಂದು ಸೇರಿಸಿದರು.

ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. “ಅಣ್ಣಾ, ಇನ್ನು ಆಗಲ್ಲ, ಬಿಟ್ಟುಬಿಡಬೇಕು ಅಂತ ಹೇಗೆ ಗೊತ್ತಾಗುತ್ತೆ?”

ಅವಳು ಯಾವ ಸಂಕಟದಿಂದ ಕೇಳಿದಳೋ. ಬನ್ನಣ್ಣನ ಕೈ ಜೇಬಿನಲ್ಲಿದ್ದ ಪಂಪನ್ನು ಮುಟ್ಟಿತು. “ಬಿಡಬಾರದು ತಾಯಿ” ಎಂದ. “ಏನೇ ಆಗಲಿ, ಬಿಡಬಾರದು.” ಚಪ್ಪಾಳೆ ಬಿತ್ತು. ಆ ಹೆಂಗಸು ತಲೆಯಾಡಿಸಿ ಕೂತಳು. ಅವಳ ಮುಖ ಅವನ ಕಣ್ಣಿಗೆ ಕಟ್ಟಿದ ಹಾಗೆ ನಿಂತುಬಿಟ್ಟಿತು. ದಾರಿಯುದ್ದಕ್ಕೂ, ತಾನು ಹೇಳಿದ್ದು ಸುಳ್ಳೋ ನಿಜವೋ ಎಂದು ತನ್ನನ್ನೇ ಕೇಳಿಕೊಳ್ಳುತ್ತ ಬಂದ.

ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಹಿಟ್ಟಿನ ಚೀಲ ಭಾವಮೈದನ ಕೈಜಾರಿ ಒಡೆಯಿತು. ಬಿಳಿಯ ಮೋಡ ಎದ್ದಿತು. ಬನ್ನಣ್ಣ ಬಾಗಿಲವರೆಗೆ ಬಂದ, ಹೊಸ್ತಿಲಲ್ಲಿ ಕುಸಿದ. ತುಟಿ ನೀಲಿಗಟ್ಟಿತ್ತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅದೇ ಡಾಕ್ಟರು ಹೆಂಡತಿಗೆ ಹೇಳುತ್ತಿದ್ದರು: “ಇವರಿಗೆ ಮೊದಲೇ ಹೇಳಿದ್ದೆನಲ್ಲಮ್ಮ. ಅವತ್ತೇ ಬಿಟ್ಟಿದ್ರೆ ಇಷ್ಟು ಆಗ್ತಿರಲಿಲ್ಲ. ಇನ್ನು ಹಿಟ್ಟಿರೋ ಕೋಣೆಗೆ ಕಾಲಿಡೋ ಹಾಗಿಲ್ಲ.”

ಹೆಂಡತಿ ಅವನ ಕಡೆ ತಿರುಗಿದಳು. “ಮೊದಲೇ ಹೇಳಿದ್ರಾ?” ಎಂದಳು, ಅಷ್ಟೇ.

ಮನೆಗೆ ಬಂದವನು ಸುಮ್ಮನೆ ಕೂರಲಿಲ್ಲ. ಮಳಿಗೆಯ ಎದುರು ಫುಟ್‌ಪಾತಿನಲ್ಲಿ ಸ್ಟೂಲು ಹಾಕಿಸಿಕೊಂಡು, ಮೂಗು ಬಾಯಿ ಮುಚ್ಚಿಕೊಂಡು, ಅಲ್ಲಿಂದಲೇ ಫೋನಿನಲ್ಲಿ ಅಪ್ಪಣೆ ಕೊಡತೊಡಗಿದ. ನೀರು ಎಷ್ಟು ಹಾಕಿದೆ? ಬೆರಳು ಒತ್ತಿದ್ರೆ ಏನಾಗುತ್ತೆ? ಭಾವಮೈದನಿಗೆ ಆ ಬೆರಳಿನ ಗುಟ್ಟು ಒಲಿಯಲಿಲ್ಲ. “ಮೇಲೆ ಬರ್ತಿದೆ ಭಾವ.” “ಹೇಗೆ ಬರ್ತಿದೆ? ಬೇಗ ಬೇಗಾನಾ, ಮೆಲ್ಲಗಾ?” “ಬರ್ತಿದೆ ಅಷ್ಟೇ ಭಾವ!” ಬನ್ನಣ್ಣ ಬೀದಿಯಲ್ಲೇ ಎದ್ದು ನಿಂತು ಬಾಯಿಗೆ ಬಂದಂತೆ ಬೈಯುತ್ತಿದ್ದ. ಬೈದಷ್ಟೂ ಕೆಮ್ಮು. ಬ್ರೆಡ್ಡು ಒಂದು ದಿನ ಕಲ್ಲು, ಒಂದು ದಿನ ಹಸಿ ಹಸಿ. ಗಿರಾಕಿಗಳು ಮುಖ ನೋಡಿ ಮೊದಮೊದಲು ಸುಮ್ಮನೆ ಕೊಂಡರು, ಆಮೇಲೆ ಬೇರೆ ದಾರಿ ಹಿಡಿದು ನಡೆದರು. ಹೊರಗಿನ ಒಬ್ಬ ಕೆಲಸಗಾರನನ್ನು ಹೆಂಡತಿ ಕರೆತಂದಳು. ಫುಟ್‌ಪಾತಿನಿಂದ ಬರುವ ಬೈಗುಳ ಕೇಳಿ ಅವನು ವಾರದೊಳಗೆ ಓಡಿಹೋದ. ಒಂದು ದಿನ ಭಾವಮೈದನೂ ಮೈಮೇಲಿನ ಹಿಟ್ಟು ಕೊಡವಿ ಹೊರಗೆ ಬಂದ. “ನಾನು ಲಾರಿ ಓಡಿಸೋಕೆ ಹೋಗ್ತೀನಿ ಭಾವ. ಲಾರಿ ಮಾತಾಡಲ್ಲ” ಎಂದವನು ಅಕ್ಕನ ಮುಖ ನೋಡಲಾರದೆ ನಡೆದುಬಿಟ್ಟ.

ಭಟ್ಟಿ ತಣ್ಣಗಾಯಿತು. ಬನ್ನಣ್ಣ ಬಾಗಿಲು ಹಾಕೋಣ ಎಂದ. ಆಗ ಹೆಂಡತಿ ಅವನೆದುರು ಕೂತು, “ಬಾಗಿಲು ಹಾಕಲ್ಲ” ಎಂದಳು.

“ಬ್ರೆಡ್ ಮಾಡೋರು ಯಾರೇ?”

“ಮಾಡಲ್ಲ. ತರಿಸ್ತೀನಿ. ನಿಮ್ಮ ಹಳೇ ಯಜಮಾನ್ರ ಹತ್ರ ಮಾತಾಡಿದೀನಿ. ಬೆಳಿಗ್ಗೆ ವ್ಯಾನು ಬರುತ್ತೆ. ಸುತ್ತಿಟ್ಟ ಬ್ರೆಡ್ಡು, ಹಿಟ್ಟಿನ ಕಾಟ ಇಲ್ಲ. ಬೇಕಿದ್ರೆ ಮುಂದೆ ನೀವೂ ಬಂದು ಗಲ್ಲಾದಲ್ಲಿ ಕೂತ್ಕೋಬಹುದು.”

ತನ್ನ ಕಿವಿಗೆ ಬಿದ್ದದ್ದು ಸರಿಯೇ ಎಂದು ಅವನಿಗೆ ಅನುಮಾನವಾಯಿತು. “ಅವರ ಬ್ರೆಡ್ಡು? ನನ್ನ ಅಂಗಡೀಲಿ?”

“ನಮ್ಮ ಅಂಗಡೀಲಿ.”

“ಅದಕ್ಕಿಂತ ನನ್ನ ಕತ್ತು ಹಿಸುಕಿಬಿಡು.”

“ರೀ,” ಎಂದಳು ಅವಳು, ದನಿ ಏರಿಸದೆ, “ನಿಮಗೆ ಅವರನ್ನ ಗೆಲ್ಲಬೇಕಿತ್ತು. ನನಗೆ ಅಂಗಡಿ ಬೇಕಿತ್ತು. ನಾನು ಆ ನೆಲ ಉಜ್ಜಿದ್ದು ಯಾರ ಮೇಲಿನ ಸಿಟ್ಟಿಗೂ ಅಲ್ಲ. ಬೆಳಿಗ್ಗೆ ಎದ್ದು ಹೋಗೋಕೆ ನನಗೂ ಒಂದು ಜಾಗ ಆಯ್ತು ಅಂತ.”

ಇಷ್ಟು ವರ್ಷ ಜೊತೆಗಿದ್ದವಳ ಮನಸ್ಸಿನಲ್ಲಿ ಹೀಗೊಂದು ಆಸೆಯಿತ್ತೆಂದು ಅವನಿಗೆ ಗೊತ್ತೇ ಇರಲಿಲ್ಲ. ಕೇಳಿದವನೂ ಅಲ್ಲ.

ವ್ಯಾನು ಬರತೊಡಗಿತು. ಅಂಗಡಿ ಮೆಲ್ಲಗೆ ಕುದುರಿಕೊಂಡಿತು. ಭಟ್ಟಿಯ ಜಾಗ ಗೋದಾಮಾಯಿತು. ಹೆಂಡತಿ ಬಿಸ್ಕತ್ತು, ಹಾಲು, ಮೊಟ್ಟೆಯನ್ನೂ ಇಟ್ಟಳು. ಬನ್ನಣ್ಣ ಅತ್ತ ಸುಳಿಯಲಿಲ್ಲ. ಬೆಳಗಿನ ಜಾವ ಅಭ್ಯಾಸಬಲದಿಂದ ಎಚ್ಚರವಾಗುತ್ತಿತ್ತು; ಎದ್ದು ಮಾಡುವುದೇನೂ ಇಲ್ಲದೆ ಮಲಗಿದಲ್ಲೇ ಕೈಬೆರಳುಗಳನ್ನು ಮಡಿಸಿ ಬಿಚ್ಚುತ್ತಿದ್ದ. ಎದೆಯ ಸಿಳ್ಳೆ ಪೂರ್ತಿ ನಿಂತಿರಲಿಲ್ಲ. ಮೆಟ್ಟಿಲು ಹತ್ತಿದರೆ ಅರ್ಧದಲ್ಲಿ ಕೂರಬೇಕಾಗುತ್ತಿತ್ತು. ಬೇರೆ ಏನಾದರೂ ಶುರುಮಾಡಬಾರದೇ ಎಂದು ಬಂದವರು ಕೇಳುತ್ತಿದ್ದರು. ಏನನ್ನಾದರೂ ಶುರುಮಾಡಲು ಯಾರ ಮೇಲಾದರೂ ಸಿಟ್ಟು ಬರಬೇಕಿತ್ತು. ಸಿಟ್ಟಾಗೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಔಷಧಿ ತರಲು ಹೋದಾಗ, ಮೊದಲಿನಿಂದಲೂ ಗಿರಾಕಿಯಾಗಿದ್ದ ನಿವೃತ್ತ ಮೇಷ್ಟ್ರು ದಾರಿಯಲ್ಲಿ ಅಡ್ಡಗಟ್ಟಿದರು. ಅವರ ಕೈಯಲ್ಲಿ ಅಂಗಡಿಯ ಚೀಲವಿತ್ತು.

“ಬನ್ನಣ್ಣ, ನಡುವೆ ಏನೋ ಕೆಟ್ಟುಹೋಗಿತ್ತು ಕಣಯ್ಯ. ಈಗ ಮತ್ತೆ ಹಳೇ ರುಚಿ ಬಂದಿದೆ ನೋಡು. ನಿನ್ನ ಕೈಗೆ ನಿನ್ನ ಕೈಯೇ ಸಾಟಿ!”

ಬನ್ನಣ್ಣ ಅವರ ಚೀಲವನ್ನೇ ನೋಡಿದ. ಹೇಳಿಬಿಡಬೇಕು ಎಂದು ಬಾಯಿ ತೆರೆದ. ಮೇಷ್ಟ್ರ ಕಣ್ಣಲ್ಲಿ ನಿಜವಾದ ಸಂತೋಷವಿತ್ತು.

“ಒಳ್ಳೇದು ಮೇಷ್ಟ್ರೇ” ಎಂದ.

ಮನೆಗೆ ಬಂದು ಔಷಧಿಯ ಪೊಟ್ಟಣವನ್ನು ಬಿಚ್ಚದೆ ಪಕ್ಕಕ್ಕಿಟ್ಟು ಮಲಗಿದ. ಸಂಜೆ ಹೆಂಡತಿ ಬಂದು, ಕೈಕಾಲು ತೊಳೆದು, ಸೀರೆ ಬದಲಿಸಿ, ಅವನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

“ನಾಳೆಗೆ ಬ್ರೆಡ್ ಎಷ್ಟು ಹೇಳಿದೀಯ?” ಎಂದು ಕೇಳಿದ. ವ್ಯಾನು ಬರತೊಡಗಿದ ಮೇಲೆ ಅಂಗಡಿಯ ಬಗ್ಗೆ ಅವನು ಬಾಯಿಬಿಟ್ಟದ್ದು ಅದೇ ಮೊದಲು.

“ಎಂದಿನಷ್ಟೇ. ಯಾಕ್ರೀ?”

“ಜಾಸ್ತಿ ಹೇಳು. ಚೆನ್ನಾಗಿದೆಯಂತೆ.”

ಅವಳು ಇನ್ನೇನೋ ಕೇಳಬೇಕೆಂದಿದ್ದಳು. ಅಷ್ಟರಲ್ಲಿ ಅವನು ಮಗ್ಗುಲು ಬದಲಿಸಿ, ಹೊದಿಕೆಯನ್ನು ಮುಖದವರೆಗೆ ಎಳೆದುಕೊಂಡಿದ್ದ.