ತಿಮಿಂಗಿಲದ ಹೊಟ್ಟೆಗೆ ಹೊಲಿಗೆ ಹಾಕುವ ಸೂಜಕ್ಕ

ಬೆಳಗಿನ ಆರು ಗಂಟೆ. ಉತ್ಸವದ ಮೈದಾನದಲ್ಲಿ ಕಸ ಗುಡಿಸುವವರನ್ನು ಬಿಟ್ಟರೆ ಇನ್ನೂ ಯಾರೂ ಇಲ್ಲ. ನೀಲಿ ಬಟ್ಟೆಯ ದೊಡ್ಡ ತಿಮಿಂಗಿಲವೊಂದು ಬಿದಿರಿನ ಪಕ್ಕೆಲುಬುಗಳ ಮೇಲೆ ಉಬ್ಬಿ ನಿಂತಿದೆ. ಅದರ ಹೊಟ್ಟೆಯೊಳಗೆ ಚಕ್ಕಳಮಕ್ಕಳ ಹಾಕಿ ಕೂತ ಹೆಂಗಸೊಬ್ಬರು, ನಿನ್ನೆ ತಾವೇ ಹಾಕಿದ ಹೊಲಿಗೆಯನ್ನು ಬಿಚ್ಚುತ್ತಿದ್ದಾರೆ. ಒಂದು ಮೊಳ ಬಿಚ್ಚಿ, ದಾರದ ಚೂರುಗಳನ್ನು ಆಯ್ದು ಜೇಬಿಗೆ ಹಾಕಿಕೊಳ್ಳುತ್ತಾರೆ. “ಮಕ್ಕಳು ತೆವಳ್ಕೊಂಡು ಬರ್ತಾರೆ. ನೆಲ ಚೊಕ್ಕವಾಗಿರಬೇಕು.”

ಆರು ಜನರ ಈ ಬೊಂಬೆಯಾಟದ ತಂಡದಲ್ಲಿ ಅವರು ಎಲ್ಲರಿಗೂ ಸೂಜಕ್ಕ. ಹೊರಗೆ ಕೂತು ನೋಡುವ ಆಟವಲ್ಲ ಇದು. ನಲವತ್ತು ಜನ ತಿಮಿಂಗಿಲದ ಬಾಯಿಂದ ಬಗ್ಗಿ ಒಳಗೆ ಹೋಗಿ ಹೊಟ್ಟೆಯಲ್ಲೇ ಕೂರುತ್ತಾರೆ. ಬೊಂಬೆ ಮೀನುಗಳು ಅವರ ತಲೆ ಸವರಿ, ಭುಜದ ಮೇಲೆ ಕೂತು ಕತೆ ಹೇಳುತ್ತವೆ. ದಿನಕ್ಕೆ ಮೂರು ಆಟ, ಈ ವರ್ಷ ಹನ್ನೊಂದು ಊರು. ಬಟ್ಟೆಗೆ ಇದುವರೆಗೆ ಇನ್ನೂರ ಹದಿನಾರು ತೇಪೆ ಬಿದ್ದಿವೆ. ಹುಡುಕಿದರೂ ಕಣ್ಣಿಗೆ ಬೀಳುವುದು ಕಷ್ಟ.

ಸೂಜಕ್ಕ ಹತ್ತೊಂಬತ್ತು ವರ್ಷ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿದವರು. ಒಂದು ದಿನ ಮೆಷಿನ್ನಿನ ಸೂಜಿ ತೋರುಬೆರಳಿಗೇ ಇಳಿಯಿತು. ಗಾಯ ಮಾಯಿತು, ಬೆರಳು ಮಡಚಲು ಬರಲಿಲ್ಲ. ಕೈ ನಿಧಾನವಾಯಿತೆಂದು ಕೆಲಸ ಹೋಯಿತು. “ಜಡೆ ಹಾಕ್ಕೊಳ್ಳೋಕೂ ಆಗ್ತಿರಲಿಲ್ಲ. ನಾದಿನಿನೇ ಹಾಕ್ತಿದ್ಲು. ಮುಖ ತಿರುಗಿಸ್ಕೊಂಡು ಅಳ್ತಿದ್ದೆ, ಅವಳೂ ನೋಡದ ಹಾಗೆ ಇರ್ತಿದ್ಲು.”

ಆಗ ಅವರ ಮನೆಯ ಬೀದಿಯಲ್ಲೇ ಬೀಡುಬಿಟ್ಟಿದ್ದ ತಂಡದ ನಿರ್ದೇಶಕಿ, ಹರಿದ ಬೊಂಬೆಯೊಂದನ್ನು ಹಿಡಿದು ಬಾಗಿಲಿಗೆ ಬಂದರು. “ನನ್ನ ಕೈ ನಿಧಾನ ಕಣಮ್ಮಾ” ಎಂದರು ಸೂಜಕ್ಕ. “ತಿಮಿಂಗಿಲಕ್ಕೇನೂ ಅವಸರ ಇಲ್ಲ ಅಕ್ಕಾ” ಎಂದರು ಆಕೆ.

ಎರಡು ವರ್ಷದ ಹಿಂದೆ ಒಂದು ಉತ್ಸವದಲ್ಲಿ, ಜನ ಒಳಗೆ ಕೂತಿರುವಾಗಲೇ ಬಿರುಗಾಳಿಗೆ ಹೊಟ್ಟೆ ಸೀಳಿತು. ಬಿಸಿಲು ಒಳನುಗ್ಗಿತು, ಕತೆ ಅರ್ಧಕ್ಕೇ ನಿಂತಿತು. ಸೀಳು ಹಿಗ್ಗಿದರೆ ಇಡೀ ಬಟ್ಟೆಯೇ ಕೈಬಿಟ್ಟುಹೋದಂತೆ. ಸೂಜಿ ದಾರ ಹಿಡಿದು ಒಳಗೆ ನುಗ್ಗಿದ ಸೂಜಕ್ಕ ಹತ್ತಿರ ಕೂತವರನ್ನು ಕೇಳಿದರು: “ಅಂಚು ಸ್ವಲ್ಪ ಹಿಡ್ಕೋತೀರಾ?” ಹತ್ತಾರು ಕೈಗಳು ಚಾಚಿದವು. ಪುಟ್ಟ ಹುಡುಗಿಯೊಬ್ಬಳು, “ಅದಕ್ಕೆ ನೋವಾಗುತ್ತಾ?” ಎಂದಳು.

“ಸ್ವಲ್ಪ ಆಗುತ್ತೆ. ನೀನು ಏನಾದ್ರೂ ಮಾತಾಡ್ತಿರು, ಅದಕ್ಕೆ ಗೊತ್ತಾಗಲ್ಲ.”

ಹುಡುಗಿ ತನ್ನ ಶಾಲೆಯ ಕತೆಯನ್ನೆಲ್ಲ ತಿಮಿಂಗಿಲಕ್ಕೆ ಒಪ್ಪಿಸಿದಳು. ಕೊನೆಯ ಗಂಟು ಬೀಳುವವರೆಗೆ ಯಾರೂ ಕದಲಲಿಲ್ಲ. ಅಂದಿನಿಂದ ಆ ಹೊಲಿಗೆಯೂ ಆಟದ ಒಂದು ಭಾಗ. ಪ್ರತಿ ಆಟಕ್ಕೂ ಮುಂಚೆ ಸೂಜಕ್ಕ ಒಂದು ಮೊಳ ಬಿಚ್ಚಿಡುತ್ತಾರೆ. ಆಟದ ನಡುವೆ ನೋಡಲು ಬಂದವರೇ ಅಂಚು ಹಿಡಿಯುತ್ತಾರೆ. “ಗಾರ್ಮೆಂಟ್ಸ್‌ನಲ್ಲಿ ನನ್ನ ಕಾಲರ್ ಯಾರ ಕುತ್ತಿಗೆಗೆ ಹೋಯ್ತೋ ಗೊತ್ತಿಲ್ಲ. ಇಲ್ಲಿ ಜನ ಮುಖ ನೋಡಿ ನಗ್ತಾರೆ. ಇದಕ್ಕಿಂತ ಏನು ಬೇಕು ಹೇಳಿ.”

ಆದರೂ ಒಂದು ಆಸೆ ಇದೆ. ಕಳೆದ ತಿಂಗಳು ಆಟ ನೋಡಿದ ನರ್ಸ್ ಒಬ್ಬರು, ತಮ್ಮ ವಾರ್ಡಿನ ಮಕ್ಕಳು ಇಲ್ಲಿಗೆ ಬರಲಾರರು ಎಂದು ಪೇಚಾಡಿಕೊಂಡರಂತೆ. ಮಾರನೇ ದಿನವೇ ಸೂಜಕ್ಕ ಟೇಪು ಹಿಡಿದು ಆಸ್ಪತ್ರೆಗೆ ಹೋಗಿ ಬಂದಿದ್ದಾರೆ.

“ಮಂಚ ಹಿಡಿಯೋಷ್ಟು ಒಂದು ಮರಿ ತಿಮಿಂಗಿಲ ಹೊಲೀಬೇಕು. ಮಗು ಮಲಗೇ ಇರಲಿ, ಮರಿನೇ ಹೋಗಿ ಅದನ್ನ ಒಳಗೆ ಹಾಕ್ಕೊಳ್ಳಲಿ. ಪಕ್ಕದಲ್ಲಿ ಅಮ್ಮನೂ ಕೂರಬೇಕಲ್ಲ, ಅದಕ್ಕೇ ಬಟ್ಟೆ ಒಂದು ಮೊಳ ಜಾಸ್ತಿನೇ ಕತ್ತರಿಸಿಟ್ಟಿದ್ದೀನಿ.”