ಸರದಾರ ಮತ್ತು ಬೂದು ಬಣ್ಣದ ಮೊಲ

ಕಂಪ್ಯೂಟರಿನಲ್ಲಿ ಒಂದು ವೃತ್ತ ಬರೆದು, ಅದನ್ನು ಸೀಳಿ, ಒಂದು ಹೋಳಿಗೆ ಅರಿಶಿನದ ಬಣ್ಣವನ್ನೂ ಇನ್ನೊಂದಕ್ಕೆ ಕುಂಕುಮದ ಬಣ್ಣವನ್ನೂ ತುಂಬುವಷ್ಟು ನಿರಪಾಯದ ಕೆಲಸ ಲೋಕದಲ್ಲಿ ಇನ್ನೊಂದಿಲ್ಲವೆಂದು ನಾನು ಬಹುಕಾಲ ನಂಬಿದ್ದೆ. ಚಿತ್ರ ಬರೆಯುವ ಆ ತಂತ್ರಾಂಶದಲ್ಲಿ ಚಾಕು ಇದೆ, ಬೆರಳು ಕೊಯ್ಯುವುದಿಲ್ಲ. ಬಣ್ಣದ ಬಕೆಟ್ ಇದೆ, ಅಂಗಿಗೆ ಸಿಡಿಯುವುದಿಲ್ಲ. ತಪ್ಪಾದರೆ ಒಂದು ಗುಂಡಿ ಒತ್ತಿ ಆ ತಪ್ಪು ನಡೆದೇ ಇಲ್ಲವೆನ್ನಿಸಬಹುದು, ಇದು ಸಂಸಾರದಲ್ಲೂ ದೊರೆಯದ ಸೌಲಭ್ಯ. ಜಮಖಂಡಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುವ ನಾನು ಒಂದು ರಜೆಯಲ್ಲಿ ಈ ವಿದ್ಯೆ ಕಲಿತು, ಬಂಧುಬಳಗಕ್ಕೆಲ್ಲ ಚಿತ್ರಕಾರನೆಂದು ಸಾರಿಕೊಂಡೆ. ಈಗ ನೋಡಿ, ತೆರೆಯ ಮೇಲೆ ಏನೊಂದು ಅಲ್ಲಾಡಿದರೂ ನನ್ನ ಮೊಣಕೈಗಳು ತಾವಾಗಿ ಪಕ್ಕೆಗೆ ಅಂಟಿಕೊಳ್ಳುತ್ತವೆ.

ಮುಧೋಳದ ಹೊರಗೆ ಕಬ್ಬಿನ ಹೊಲದ ನಡುವೆ ನನ್ನ ಅಕ್ಕನ ಮನೆ. ಅವಳ ಗಂಡ ಸಿದ್ದಪ್ಪ ಮಾವನ ಬೇಟೆನಾಯಿ ಸರದಾರ, ಪ್ರಾಯದಲ್ಲಿ ಬಸ್ಸಿನ ಪಕ್ಕದಲ್ಲಿ ಓಡಿ ಕಿಟಕಿಯ ಪ್ರಯಾಣಿಕರ ಮುಖ ನೋಡಿ ಬರುತ್ತಿದ್ದವನು. ಮಳೆಗಾಲ ಮುಗಿದಾಗಿನಿಂದ ಅವನು ಮಾವ ಮಲಗುವ ಹೊರಸಿನ ಕೆಳಗೆ ಮಲಗಿಬಿಟ್ಟಿದ್ದ. ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನೂ ಬಾಯಿಗಿಟ್ಟರೆ ಮಾತ್ರ ತಿನ್ನುತ್ತಿದ್ದ. ರೋಗವೇನೂ ಇಲ್ಲ, ವಯಸ್ಸಾಯಿತು, ಏಳುವ ಮನಸ್ಸಿಲ್ಲ ಎಂದು ದನದ ಡಾಕ್ಟರು ಹೇಳಿ ಹೋಗಿದ್ದರು. ಅಷ್ಟರಲ್ಲಿ ಮಾವ ನನಗೆ ಫೋನು ಮಾಡಿದ. ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರಾಲಿಯ ಹಿಂಬದಿಗೆ ಸರದಾರನ ಚಿತ್ರ ಅಂಟಿಸಬೇಕು, ಬೇಗ ಬಾ ಎಂದ. ಫೋಟೋ ಸಾಲದೇ ಎಂದು ಕೇಳಿದೆ.

“ಫೋಟೋದಾಗ ಮಲ್ಕೊಂಡಿರತಾನ. ನೀ ಓಡೂದು ತಗಿ.”

ಅವಸರ ಯಾಕೆಂಬುದನ್ನು ಅವನು ಹೇಳಲಿಲ್ಲ. ನಾಯಿ ಸಂಕ್ರಾಂತಿ ಕಾಣುವುದಿಲ್ಲವೆಂದು ಅವನು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದನ್ನು ಆಮೇಲೆ ಅಕ್ಕ ಹೇಳಿದಳು.

ಹೊರಸಿನ ಮುಂದೆ ಒಂದು ಮಣೆ, ಮಣೆಯ ಮೇಲೆ ಲ್ಯಾಪ್‌ಟಾಪು, ಅದರ ಮುಂದೆ ಚಕ್ಕಳಮಕ್ಕಳ ಹಾಕಿದ ನಾನು, ನನ್ನ ಬೆನ್ನ ಹಿಂದೆ ಸರದಾರನ ನಿಟ್ಟುಸಿರು. ನಾಯಿಯ ಹೊರರೇಖೆ ಬರೆದು, ಎದೆ, ಹೊಟ್ಟೆ, ತೊಡೆಗಳಿಗೆ ಬೇರೆ ಬೇರೆ ಛಾಯೆ ಕೊಡಲೆಂದು ಚಾಕುವಿನಿಂದ ಸೀಳತೊಡಗಿದೆ. ಹೊರಸಿನ ಮೇಲೆ ಕುಳಿತು ನೋಡುತ್ತಿದ್ದ ಮಾವನ ಮುಖ ಸಣ್ಣದಾಯಿತು.

“ಅಂವನ್ನ ಯಾಕ ಹೋಳ ಮಾಡಾಕತ್ತೀಯೋ?”

ಪಕ್ಕದಲ್ಲಿ ಬದನೆಕಾಯಿ ಸೀಳುತ್ತಿದ್ದ ಅಕ್ಕನೇ ನನ್ನ ಪರವಾಗಿ ಉತ್ತರಿಸಿದಳು. “ಎಣ್ಣಿಗಾಯಿ ಮಾಡೂ ಮುಂದ ಸೀಳದಿದ್ರ ಮಸಾಲಿ ಎಲ್ಲಿ ತುಂಬೂದ್ರಿ? ಸುಮ್ನ ಕುಂದರ್ರಿ.” ಸೀಳುವುದು ಮತ್ತು ತುಂಬುವುದು ಎಂಬ ನನ್ನ ಶಾಸ್ತ್ರವನ್ನೆಲ್ಲ ಇಷ್ಟು ಚಿಕ್ಕದಾಗಿ ಯಾವ ಗುರುವೂ ನನಗೆ ಹೇಳಿರಲಿಲ್ಲ.

ಬಕೆಟ್ ಒತ್ತಿದೆ. ಬಾಲದ ತುದಿಯಲ್ಲಿ ರೇಖೆ ಕೂಡದೆ ಕೂದಲೆಳೆಯಷ್ಟು ಸಂದಿ ಉಳಿದಿತ್ತು. ಚಿಕ್ಕಪಡಸಲಗಿ ಬ್ಯಾರೇಜಿನ ಗೇಟು ತೆರೆದಂತೆ ಸರದಾರನ ಕಂದು ಬಣ್ಣ ಹೊರಗೆ ನುಗ್ಗಿ ಆಕಾಶವನ್ನೆಲ್ಲ ಮುಳುಗಿಸಿತು. ಆ ಸಂದಿ ಮುಚ್ಚಿ ನಿಟ್ಟುಸಿರು ಬಿಡುವಷ್ಟರಲ್ಲಿ ಮಾವ ಇನ್ನೊಂದು ತಕರಾರು ತೆಗೆದ. ಮುಂದೆ ಮೊಲವಿಲ್ಲದೆ ನಾಯಿ ಯಾಕೆ ಓಡುತ್ತದೆ, ಅದಕ್ಕೇನು ಹುಚ್ಚೇ? ಮೊಲದ ಬೇಟೆ ಕಾನೂನಿಗೆ ವಿರುದ್ಧ. ಆದರೆ ಬರೆದ ಮೊಲಕ್ಕೆ ಅಡ್ಡಿಯಿಲ್ಲವೆಂದು ಬಗೆದು, ತೆರೆಯ ಅಂಚಿನಲ್ಲಿ ನಾನು ಬರೆದಿದ್ದ ಕಬ್ಬಿನ ಪೊದೆಯಿಂದಲೇ ಒಂದು ಮೊಲವನ್ನು ಸೀಳಿ ತೆಗೆದು, ಬೂದು ಬಣ್ಣ ತುಂಬಿ, ನಾಯಿಯ ಮುಂದಕ್ಕೆ ಸರ್ರನೆ ಎಳೆದೆ.

ಆಮೇಲಿನದನ್ನು ನಾನು ಇವತ್ತಿಗೂ ಬಿಡಿಬಿಡಿಯಾಗಿ ನೆನೆಯುತ್ತೇನೆ. ಮೊದಲು ಹೊರಸು ಮಾವನ ಸಮೇತ ಮೇಲೆದ್ದಿತು. ಬಳಿಕ ನನ್ನ ಕಿವಿಯ ಪಕ್ಕದಲ್ಲಿ ಬಿಸಿಗಾಳಿ, ಭುಜದ ಮೇಲೆ ಉಗುರು, ಕಣ್ಣ ಮುಂದೆ ಆ ಉದ್ದ ಹಲ್ಲುಗಳು. ಹಲ್ಲುಗಳ ಗುರಿ ನಾನೋ ಮೊಲವೋ ಎಂದು ನಿರ್ಧರಿಸಲು ನನ್ನ ಸ್ನಾತಕೋತ್ತರ ಪದವಿ ಸಾಲಲಿಲ್ಲ. ಮಣೆ ಉರುಳಿತು. ನಾನು ಬದನೆಕಾಯಿಗಳ ಮೇಲೆ ಉರುಳಿದೆ. ಸರದಾರ ಎರಡೂ ಪಂಜಗಳನ್ನು ತೆರೆಯ ಮೇಲೆ ಊರಿ, ಮೊಲ ಕಾಣದೆ, ಲ್ಯಾಪ್‌ಟಾಪಿನ ಹಿಂದಕ್ಕೆ ಇಣುಕಿ ನೋಡಿ, ಅಲ್ಲಿಂದ ಬಾಗಿಲು ದಾಟಿ ಕಬ್ಬಿನೊಳಗೆ ಮಾಯವಾದ. ಅವನ ಹಿಂದೆ ಚಪ್ಪಲಿಯಿಲ್ಲದೆ ಮಾವ.

ಎದ್ದು ನೋಡಿದರೆ ತೆರೆ ಒಡೆದಿತ್ತು. ಪಂಜ ತಗುಲಿದ ಕಡೆಯಿಂದ ಗೆರೆಗಳು ದಿಕ್ಕುದಿಕ್ಕಿಗೆ ಹೊರಟು, ಒಂದೊಂದು ಹೋಳಿನಲ್ಲೂ ನೇರಳೆ, ಹಸಿರು, ನನ್ನ ಬಕೆಟ್ಟಿಗೆ ಎಂದೂ ದೊರಕದ ಬಣ್ಣಗಳು ತುಂಬಿಕೊಂಡಿದ್ದವು. ತಪ್ಪು ಅಳಿಸುವ ಆ ಗುಂಡಿ ಒತ್ತಿದೆ; ನಡೆದದ್ದು ನಡೆದೇ ಇತ್ತು.

ಮಾವ ತೇಕುತ್ತ ಮರಳಿದ, ತೇಕುವ ನಾಯಿಯ ಕೊರಳು ಹಿಡಿದು. ಒಡೆದ ತೆರೆಯನ್ನಾಗಲಿ ನನ್ನ ಹರಿದ ಅಂಗಿಯನ್ನಾಗಲಿ ಅವನು ನೋಡಲೇ ಇಲ್ಲ. ಹಿಡಿಯಲು ಹೋದರೆ ಸರದಾರ ಬಹಳ ಹೊತ್ತು ಕೈಗೇ ಸಿಗಲಿಲ್ಲವೆಂದು, ಮಗ ಶಾಲೆಯಲ್ಲಿ ಮೊದಲು ಬಂದವರಂತೆ, ಅಕ್ಕನಿಗೆ ಹೇಳಿಕೊಂಡ. ಉಳಿದ ಚಿತ್ರ ಬೇರೆ ಕಂಪ್ಯೂಟರಿನಲ್ಲಿ ಮುಗಿಸಿಕೊಡುತ್ತೇನೆ ಎಂದೆ.

“ಅಂವನ ಚಿತ್ರ ಯಾಕ ಬೇಕಲೇ? ಅಂವನೇ ಅದಾನಲ್ಲ. ಆ ಮೊಲಾ ಅಷ್ಟ ಮಾಡಿಕೊಡು.”

ಹೀಗಾಗಿ ಈ ಹಂಗಾಮಿನಲ್ಲಿ ಆ ಟ್ರಾಲಿಯ ಹಿಂಬದಿಯಲ್ಲಿ ಇರುವುದು ಬೂದು ಬಣ್ಣದ ಒಂದು ಮೊಲ ಮಾತ್ರ. ಟ್ರ್ಯಾಕ್ಟರ್ ಹೊರಟಾಗಲೆಲ್ಲ ಸರದಾರ ಹೊರಸಿನ ಕೆಳಗಿನಿಂದ ಎದ್ದು ಬಂದು, ಹೊಲದ ದಾರಿ ಮುಗಿಯುವವರೆಗೆ ಅದರ ಬೆನ್ನು ಹತ್ತುತ್ತಾನಂತೆ. ಸಂಕ್ರಾಂತಿಯ ದಿನವೂ ಹತ್ತಿದನಂತೆ.

ನಾನು ಈಗಲೂ ವೃತ್ತವನ್ನು ಸೀಳುತ್ತೇನೆ, ಬಣ್ಣ ತುಂಬುತ್ತೇನೆ. ಹೋಳನ್ನು ಸರಿಸುವ ಮುನ್ನ ಮೊಣಕೈ ಮಡಚಿಕೊಂಡು ಹಿಂತಿರುಗಿ ನೋಡುತ್ತೇನೆ. ಯಾರೂ ಇರುವುದಿಲ್ಲ, ಮತ್ತು ಅದರಿಂದ ಕೊಂಚ ನಿರಾಸೆಯಾಗುತ್ತದೆ.